ಪ್ರಶ್ನೋತ್ತರ: ಬಿಟ್ಟುಹೋದವರ ಆಯುಧ, ಉಳಿದವರ ಸೇನೆ

ನ್ಯಾಟೋ ಕೂಟದ ಪುಟ್ಟ ದೇಶಗಳ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬಂದ ಲೇಖನ ಓದಿ ಹಲವರು ಅಲ್ಬೇನಿಯಾ ಬಗ್ಗೆಯೇ ಬರೆದಿದ್ದೀರಿ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಅಲ್ಬೇನಿಯಾ ಸೇನೆ ಸ್ಕಂದರ್‌ಬೇಗ್ ಕಾಲದಿಂದ, ಅಂದರೆ 15ನೇ ಶತಮಾನದಿಂದ ಇದೆ ಎಂದು ಓದಿದ್ದೆ. ನಿಜವೇ?

ಅಭಿಮಾನದ ಮಾತಾಗಿ ಸರಿ, ಲೆಕ್ಕದಲ್ಲಿ ಸರಿಯಲ್ಲ. ಸ್ಕಂದರ್‌ಬೇಗ್, ಅಂದರೆ ಗೆರ್ಗಿ ಕಾಸ್ತ್ರಿಯೋತಿ, 1443ರಲ್ಲಿ ಒಟ್ಟೋಮನ್ ಸೈನ್ಯ ಬಿಟ್ಟು ಬಂದು ಕ್ರುಯಾ ಕೋಟೆ ಹಿಡಿದ. 1444ರ ಮಾರ್ಚ್‌ನಲ್ಲಿ ಲೆಝಾ ಪಟ್ಟಣದಲ್ಲಿ ಪಾಳೆಯಗಾರರನ್ನು ಒಂದು ಕೂಟವಾಗಿ ಕಟ್ಟಿದ. 1450ರಲ್ಲಿ ಸುಲ್ತಾನ ಎರಡನೇ ಮುರಾದ್ ಕ್ರುಯಾಕ್ಕೆ ಮುತ್ತಿಗೆ ಹಾಕಿ ಬರಿಗೈಲಿ ಹಿಂದಿರುಗಿದ. ಆದರೆ ಅದು ಒಡೆಯರು ತಂತಮ್ಮ ಆಳುಗಳನ್ನು ಕರೆತಂದು ಸೇರಿಸಿದ ದಂಡು, ಸಂಬಳ ಕೊಟ್ಟು ಸಾಕಿದ ರಾಜ್ಯದ ಸೇನೆಯಲ್ಲ. 1468ರಲ್ಲಿ ಅವನು ಸತ್ತ ಮೇಲೆ ಒಂದು ದಶಕ ಕಳೆಯುವಷ್ಟರಲ್ಲಿ ಕ್ರುಯಾ ಬಿತ್ತು. ಅಲ್ಲಿಂದ ನಾಲ್ಕು ಶತಮಾನಕ್ಕೂ ಮೀರಿ ಅಲ್ಬೇನಿಯನ್ನರು ಒಟ್ಟೋಮನ್ ಸೈನ್ಯದ ಸಿಪಾಯಿಗಳೂ ಸೇನಾಪತಿಗಳೂ ಆಗಿದ್ದರು.

ಇಂದಿನ ಸೇನೆಯ ಹುಟ್ಟುದಿನ 1912ರ ಡಿಸೆಂಬರ್ 4. ನವೆಂಬರ್ 28ರಂದು ವ್ಲೋರಾದಲ್ಲಿ ಇಸ್ಮಾಯಿಲ್ ಕೆಮಾಲಿ ಸ್ವಾತಂತ್ರ್ಯ ಸಾರಿದ ವಾರದೊಳಗೇ ಸರ್ಕಾರ ಸೇನೆ ಕಟ್ಟುವ ತೀರ್ಮಾನ ಮಾಡಿತು. ಈಗಲೂ ಸಶಸ್ತ್ರ ಪಡೆಗಳ ದಿನವೆಂದು ಆಚರಿಸುವುದು ಡಿಸೆಂಬರ್ 4ನ್ನೇ. ಆದರೆ ಬಾಲ್ಕನ್ ಯುದ್ಧದ ನಡುವೆ ಹುಟ್ಟಿದ ಈ ಸೇನೆಗೆ ಬೊಕ್ಕಸವೂ ಇರಲಿಲ್ಲ, ಗಟ್ಟಿ ಗಡಿಯೂ ಇರಲಿಲ್ಲ. 1913ರಲ್ಲಿ ಯುರೋಪಿನ ದೊಡ್ಡ ರಾಜ್ಯಗಳು ಇಲ್ಲಿ ಶಾಂತಿ ಕಾಯಲು ಡಚ್ ಅಧಿಕಾರಿಗಳ ಕೈಕೆಳಗೆ ಒಂದು ಜೆಂಡರ್ಮರಿ ಕಟ್ಟಿಸಿದವು. ಜೆಂಡರ್ಮರಿ ಎಂದರೆ ಸೇನೆಯ ಶಿಸ್ತಿನ ಪೊಲೀಸ್ ಪಡೆ. ಅದರ ಕರ್ನಲ್ ಲೋಡವೈಕ್ ಥಾಮ್ಸನ್ 1914ರ ಜೂನ್‌ನಲ್ಲಿ ದುರ್ರೆಸ್ ಕಾಳಗದಲ್ಲಿ ಗುಂಡಿಗೆ ಬಲಿಯಾದ. ಅದೇ ಬೇಸಿಗೆ ಮಹಾಯುದ್ಧ ಶುರುವಾಗಿ ಡಚ್ಚರೂ ಹೊರಟುಹೋದರು. ಹೊರಗಿನವರು ಬಂದು ಕಟ್ಟುವುದು, ಅರ್ಧದಲ್ಲಿ ಬಿಟ್ಟು ಹೊರಡುವುದು: ಈ ಚಾಳಿ ಇಲ್ಲಿಂದಲೇ ಶುರು. ಮುಂದಿನ ಉತ್ತರಗಳಲ್ಲೂ ಇದು ತಲೆಹಾಕುತ್ತದೆ.

ಪ್ರಶ್ನೆ: 1939ರಲ್ಲಿ ಇಟಲಿ ದಾಳಿ ಮಾಡಿದಾಗ ಎರಡು ದಿನವೂ ತಡೆದು ನಿಲ್ಲಲಾಗಲಿಲ್ಲವಲ್ಲ, ಏಕೆ?

ತಡೆಯಬೇಕಾದ ಸೇನೆಗೆ ತರಬೇತಿ ಕೊಟ್ಟವರೇ ಇಟಾಲಿಯನ್ನರು, ಅದಕ್ಕೆ. 1926 ಮತ್ತು 1927ರಲ್ಲಿ ರಾಜಧಾನಿ ಟಿರಾನಾದಲ್ಲಿ ಮಾಡಿಕೊಂಡ ಒಪ್ಪಂದಗಳ ಮೇಲೆ, ಆಗ ದೇಶ ಆಳುತ್ತಿದ್ದ, ಮುಂದೆ ರಾಜನೂ ಆದ ಅಹ್ಮದ್ ಝೋಗ್ ಇಟಲಿಯಿಂದ ಸಾಲ, ಕೋವಿ, ಸಲಹೆಗಾರರು ಎಲ್ಲವನ್ನೂ ತರಿಸಿಕೊಂಡಿದ್ದ. ಜನರಲ್ ಅಲ್ಬೆರ್ತೊ ಪರಿಯಾನಿಯಂಥವರು ಸೇನೆಯ ಒಳಗೇ ಕುಳಿತಿದ್ದರು. ಝೋಗ್ ತನ್ನ ಮಟ್ಟಿಗೆ ಒಂದು ಜಾಣತನ ಮಾಡಿದ್ದುಂಟು: ಜೆಂಡರ್ಮರಿಯನ್ನು ಇಟಲಿಯ ಕೈಗೆ ಕೊಡದೆ ಬ್ರಿಟನ್ನಿನ ಜನರಲ್ ಜೋಸ್ಲಿನ್ ಪರ್ಸಿಯ ಮೇಲ್ವಿಚಾರಣೆಯಲ್ಲಿ ಇಟ್ಟ. 1938ರಲ್ಲಿ ಆ ಕೊಂಡಿಯೂ ಕಳಚಿತು.

ಏಪ್ರಿಲ್ 7ರಂದು ಇಟಾಲಿಯನ್ನರು ದುರ್ರೆಸ್, ವ್ಲೋರಾ, ಸರಾಂಡಾ, ಶೆಂಗ್ಜಿನ್ ಬಂದರುಗಳಲ್ಲಿ ಒಮ್ಮೆಗೇ ಇಳಿದರು. ದುರ್ರೆಸ್‌ನಲ್ಲಿ ಹೋರಾಡಿದವರಲ್ಲಿ ಹೆಚ್ಚಿನವರು ಜೆಂಡರ್ಮರಿಯವರು ಮತ್ತು ಊರಿನ ಸ್ವಯಂಸೇವಕರು. ಮುಂದೆ ನಿಂತವನು ಅಬಾಜ್ ಕುಪಿ. ಮಷೀನ್‌ಗನ್ ಬಿಡದೆ ಸತ್ತ ಮುಯೊ ಉಲ್ಚಿನಾಕು ಇವತ್ತಿಗೂ ಅಲ್ಲಿ ವೀರ. ಮರುದಿನ ಟಿರಾನಾ ಬಿತ್ತು. ಹುಟ್ಟಿ ಎರಡು ದಿನವಾಗಿದ್ದ ಮಗುವಿನೊಂದಿಗೆ ರಾಣಿ ಗ್ರೀಸ್ ದಾರಿ ಹಿಡಿದಿದ್ದಳು, ಹಿಂದೆಯೇ ರಾಜನೂ ಹೋದ.

ಆಮೇಲೆ ನಡೆದದ್ದು ಇಟಲಿಗೇ ಪಾಠ. ಅಲ್ಬೇನಿಯಾ ಸೇನೆಯನ್ನು ಅದು ತನ್ನ ಸೇನೆಯೊಳಗೆ ಸೇರಿಸಿಕೊಂಡಿತು. 1940ರಲ್ಲಿ ಗ್ರೀಸ್ ಮೇಲೆ ಹೋದಾಗ ತೊಮೊರಿ ಹೆಸರಿನ ಅಲ್ಬೇನಿಯನ್ ಬೆಟಾಲಿಯನ್ ಕಾಳಗದ ನಡುವೆಯೇ ಚದುರಿಹೋಯಿತು. ಪರರ ಸಮವಸ್ತ್ರ ತೊಡಿಸಿದ ಮಾತ್ರಕ್ಕೆ ಪರರ ಯುದ್ಧ ಮಾಡುತ್ತಾರೆಂದು ನಂಬಿದ್ದು ರೋಮ್‌ನ ತಪ್ಪು ಲೆಕ್ಕ.

ನಿಜವಾದ ಹೊಸ ಸೇನೆ ಹುಟ್ಟಿದ್ದು ಕಾಡಿನಲ್ಲಿ. ರಾಷ್ಟ್ರೀಯ ವಿಮೋಚನಾ ಸೇನೆಯ ಪ್ರಧಾನ ಕಾರ್ಯಾಲಯ 1943ರ ಜುಲೈ 10ರಂದು ಲಬಿನೊತ್‌ನಲ್ಲಿ ರಚನೆಯಾಯಿತು. ಸೇನಾಪ್ರಮುಖ ಸ್ಪಿರೊ ಮೊಯಿಸಿಯು. ಆಗಸ್ಟ್ 15ರಂದು ವಿಥ್‌ಕುಕ್ ಹಳ್ಳಿಯಲ್ಲಿ ಮೆಹ್ಮೆತ್ ಶೆಹು ನಾಯಕತ್ವದಲ್ಲಿ ಮೊದಲ ಆಕ್ರಮಣ ಬ್ರಿಗೇಡ್ ಕಟ್ಟಿದರು. ಸೆಪ್ಟೆಂಬರ್‌ನಲ್ಲಿ ಇಟಲಿ ಶರಣಾದದ್ದೇ ದೊಡ್ಡ ಅದೃಷ್ಟ: ಕೋವಿಗಳು ಸಿಕ್ಕವು. ಇಟಾಲಿಯನ್ ಸಿಪಾಯಿಗಳು ಕೆಲವರು ಇವರ ಕಡೆಗೇ ಬಂದು ಅಂತೊನಿಯೊ ಗ್ರಾಮ್ಶಿ ಹೆಸರಿನ ಬೆಟಾಲಿಯನ್ ಆಗಿ ಹೋರಾಡಿದರು. 1944ರ ನವೆಂಬರ್ 17ರಂದು ಜರ್ಮನರಿಂದ ಟಿರಾನಾ ಬಿಡಿಸಿದ್ದು ಈ ಸೇನೆಯೇ.

ಪ್ರಶ್ನೆ: ಇಷ್ಟು ಸಣ್ಣ ದೇಶದ ಬಳಿ ಜಲಾಂತರ್ಗಾಮಿಗಳು ಹೇಗೆ ಬಂದವು? ಈಗ ಏಕಿಲ್ಲ?

ಸೋವಿಯತ್ ಒಕ್ಕೂಟಕ್ಕೆ ಮೆಡಿಟರೇನಿಯನ್ ಕಡಲಲ್ಲಿ ಒಂದು ಬಾಗಿಲು ಬೇಕಿತ್ತು. ವ್ಲೋರಾ ಕೊಲ್ಲಿಯ ಪಾಶಾ ಲಿಮಾನ್ ಮತ್ತು ಅದರ ಬಾಯಲ್ಲಿರುವ ಸಜಾನ್ ದ್ವೀಪ ಅದಕ್ಕೆ ಹೇಳಿಮಾಡಿಸಿದ ಜಾಗ. 1955ರಲ್ಲಿ ಸೋವಿಯತ್ ಬಣದ ಸೇನಾಕೂಟವಾದ ವಾರ್ಸಾ ಒಪ್ಪಂದಕ್ಕೆ ಸಹಿ ಹಾಕಿದ ಮೂಲ ಸದಸ್ಯರಲ್ಲಿ ಅಲ್ಬೇನಿಯಾ ಒಂದು. 1950ರ ದಶಕದ ಕೊನೆಗೆ ವಿಸ್ಕಿ ವರ್ಗದ 12 ಜಲಾಂತರ್ಗಾಮಿಗಳು ಇಲ್ಲಿ ನೆಲೆಸಿದವು. ಯುದ್ಧದ ನಂತರ ಅಲ್ಬೇನಿಯಾ ಆಳಿದ ಕಮ್ಯುನಿಸ್ಟ್ ಸರ್ವಾಧಿಕಾರಿ ಎನ್ವರ್ ಹೊಜಾ ಮತ್ತು ಸೋವಿಯತ್ ನಾಯಕ ಕ್ರುಶ್ಚೇವ್ ನಡುವೆ ಜಗಳ ಹತ್ತಿ 1961ರಲ್ಲಿ ಸೋವಿಯತ್ ನೌಕಾಪಡೆ ಗಂಟುಮೂಟೆ ಕಟ್ಟಿತು. 8 ಹೊರಟವು, 4 ಉಳಿದವು. ಜಗಳವಾದ ಮನೆಯಿಂದ ಸಾಮಾನು ಹಂಚಿಕೊಂಡು ಹೊರಟ ಹಾಗೆ.

ಉಳಿದ ನಾಲ್ಕರ ಕಥೆಯಲ್ಲಿ ತಾಂತ್ರಿಕ ಪಾಠವಿದೆ. ಡೀಸೆಲ್-ವಿದ್ಯುತ್ ಜಲಾಂತರ್ಗಾಮಿ ನೀರೊಳಗೆ ಓಡುವುದು ಸೀಸ-ಆಮ್ಲದ ಬ್ಯಾಟರಿಗಳ ಮೇಲೆ. ಈ ಬ್ಯಾಟರಿಗಳಿಗೆ ಕೆಲವೇ ವರ್ಷಗಳ ಆಯುಷ್ಯ. ಪೂರ್ತಿ ಗುಂಪನ್ನೇ ಬದಲಿಸಬೇಕು. ಮಾಡಿದವರೇ ಕೊಡುವುದಿಲ್ಲ ಎಂದರೆ ಹಡಗು ಬಂದರಿನಲ್ಲಿ ತೇಲುತ್ತದೆ, ಮುಳುಗಿ ಏಳುವುದಿಲ್ಲ. ಒಂದನ್ನು ಬಿಚ್ಚಿ ಇನ್ನೊಂದಕ್ಕೆ ಜೋಡಿಸುತ್ತಾ ದಿನ ದೂಡಿದರೂ 1990ರ ದಶಕದಲ್ಲಿ ಎಲ್ಲವೂ ಸೇವೆಯಿಂದ ಹೊರಬಿದ್ದವು.

ವಿಮಾನಗಳದ್ದೂ ಇದೇ ಪಾಡು. ಸೋವಿಯತ್ ಹೋದ ಮೇಲೆ ಚೀನಾ ಬಂತು. ಜೆ-6, ಜೆ-7 ಯುದ್ಧವಿಮಾನಗಳು ಬಂದವು. ಗ್ಯಾದರ್‌ನಲ್ಲಿ ಬೆಟ್ಟ ಕೊರೆದು ವಿಮಾನ ಅಡಗಿಸುವ ಸುರಂಗ ಮಾಡಿದರು. 1978ರಲ್ಲಿ ಚೀನಾವೂ ನೆರವು ನಿಲ್ಲಿಸಿತು. ಆ ಕಾಲದ ಜೆಟ್ ಎಂಜಿನ್‌ಗಳು ಬಹಳ ಕಡಿಮೆ ಗಂಟೆ ಹಾರಿದ ಮೇಲೆಯೇ ಬಿಚ್ಚಿ ದುರಸ್ತಿ ಬೇಡುತ್ತವೆ. ಬಿಡಿಭಾಗ ಉಳಿಸಬೇಕೆಂದು ಹಾರಾಟ ಕಡಿತ ಮಾಡುತ್ತಾರೆ, ಹಾರಾಟ ಕಡಿಮೆಯಾದಾಗ ಪೈಲಟ್‌ನ ಕೈ ಪಳಗುವುದಿಲ್ಲ, ಪಳಗದ ಕೈಗೆ ಅಪಘಾತ ಹೆಚ್ಚು. ಈ ಚಕ್ರದಿಂದ ಹೊರಬರಲಾಗದೆ 2005ರ ಹೊತ್ತಿಗೆ ಜೆಟ್‌ಗಳನ್ನು ಪೂರ್ತಿ ಕೈಬಿಟ್ಟರು.

ಅಂದಹಾಗೆ, ವಾರ್ಸಾ ಒಪ್ಪಂದದಿಂದ ಅಲ್ಬೇನಿಯಾ ವಿಧಿವತ್ತಾಗಿ ಹೊರಬಂದದ್ದು 1961ರಲ್ಲಲ್ಲ, 1968ರ ಸೆಪ್ಟೆಂಬರ್‌ನಲ್ಲಿ, ಚೆಕೊಸ್ಲೊವಾಕಿಯಾ ಮೇಲೆ ದಾಳಿಯಾದ ನಂತರ. ಎರಡನ್ನೂ ಒಂದೇ ಎಂದು ಬರೆಯುವುದು ಸಾಮಾನ್ಯ.

ಪ್ರಶ್ನೆ: ಅಲ್ಲಿ ಏಳೂವರೆ ಲಕ್ಷ ಬಂಕರ್‌ಗಳಿವೆಯಂತೆ. ಒಂದೊಂದನ್ನೂ ಹೇಗೆ ಕಟ್ಟುತ್ತಿದ್ದರು?

ಏಳೂವರೆ ಲಕ್ಷ ಎನ್ನುವುದು ಬಾಯಿಂದ ಬಾಯಿಗೆ ಉಬ್ಬಿದ ಸಂಖ್ಯೆ. ದಾಖಲೆಗಳ ಪ್ರಕಾರ ಹೊಜಾ ಕಾಲದಲ್ಲಿ ಕಟ್ಟಿದ್ದು 1.73 ಲಕ್ಷದ ಆಸುಪಾಸು. ಅದೇನೂ ಕಡಿಮೆಯಲ್ಲ, ಆಗ ದೇಶದ ಜನಸಂಖ್ಯೆ 30 ಲಕ್ಷವನ್ನೂ ಮುಟ್ಟಿರಲಿಲ್ಲ.

ಮುಖ್ಯವಾಗಿ ಎರಡು ಬಗೆ. ಚಿಕ್ಕದನ್ನು ಕ್ಯೂಝಡ್ ಎನ್ನುತ್ತಾರೆ. ಒಬ್ಬಿಬ್ಬರು ನಿಂತು ಗುಂಡು ಹಾರಿಸುವಂಥದ್ದು. ಇದರಲ್ಲಿ ಮೂರು ಭಾಗ: ಸುಮಾರು 3 ಮೀಟರ್ ಅಗಲದ, ಬೋರಲು ಹಾಕಿದ ಬಟ್ಟಲಿನಂಥ ಕಾಂಕ್ರೀಟ್ ಗುಮ್ಮಟ, ಅದನ್ನು ಹೊರುವ ಟೊಳ್ಳು ಕೊಳವೆ, ಸುತ್ತ ಅದಕ್ಕಿಂತ ಅಗಲವಾದ ಹೊರಗೋಡೆ. ಕಾರ್ಖಾನೆಯಲ್ಲಿ ಎರಕ ಹೊಯ್ದು ತಂದು ಗುಂಡಿಯಲ್ಲಿ ಕೂರಿಸಿ, ಕೊಳವೆಗೂ ಹೊರಗೋಡೆಗೂ ನಡುವೆ ಮಣ್ಣು ತುಂಬುತ್ತಾರೆ. ಮಣ್ಣು ಸ್ಫೋಟದ ಹೊಡೆತ ಹೀರುತ್ತದೆ. ದುಂಡಗಿನ ಗುಮ್ಮಟಕ್ಕೆ ತಾಗಿದ ಗುಂಡು ಜಾರಿ ಹೋಗುತ್ತದೆ. ದೊಡ್ಡ ಬಗೆ ಪಿಝಡ್: ಅಧಿಕಾರಿಗಳು ಕೂತು ಆಜ್ಞೆ ಕೊಡುವ ತಾಣ, ಸುಮಾರು 8 ಮೀಟರ್ ಅಗಲ. ಒಂದೊಂದೂ 8-9 ಟನ್ ತೂಗುವ ಹೋಳುಗಳನ್ನು ಸ್ಥಳದಲ್ಲೇ ಸಿಮೆಂಟಿನಿಂದ ಬೆಸೆದು ಮಾಡಿದ್ದು. ಒಟ್ಟು ತೂಕ 350ರಿಂದ 400 ಟನ್.

ವಿನ್ಯಾಸ ಮಾಡಿದ ಎಂಜಿನಿಯರ್ ಯೊಸಿಫ್ ಝಗಾಲಿಯನ್ನು ಬಂಕರ್ ಒಳಗೆ ನಿಲ್ಲಿಸಿ ಟ್ಯಾಂಕಿನಿಂದ ಹೊಡೆಸಿದರು ಎಂಬ ಕಥೆಯನ್ನು ಇಬ್ಬರು ಓದುಗರು ಕೇಳಿದ್ದೀರಿ. ಹಾಗೆಂದು ಹೇಳುತ್ತಾರೆ, ಅಷ್ಟೆ. ಅವನು ಜೈಲಿಗೆ ಹೋದದ್ದು ಮಾತ್ರ ಸತ್ಯ.

ಸೈನಿಕ ದೃಷ್ಟಿಯಿಂದ ಇದು ದುಂದು. ಒಬ್ಬೊಬ್ಬನೇ ಕೂರುವ ಸಾವಿರಾರು ಗೂಡುಗಳಿಗೆ ಊಟ, ಮದ್ದುಗುಂಡು, ಸುದ್ದಿ ತಲುಪಿಸುವುದು ಹೇಗೆ? ಪಕ್ಕದ ಗೂಡು ಬಿದ್ದದ್ದು ಒಳಗಿದ್ದವನಿಗೆ ತಿಳಿಯುವುದೇ ಇಲ್ಲ. ರಕ್ಷಣಾ ಮಂತ್ರಿ ಬೆಕಿರ್ ಬಲ್ಲುಕು ಯುದ್ಧತಂತ್ರದ ವಿಷಯದಲ್ಲಿ ಬೇರೆ ದಾರಿ ಯೋಚಿಸಿದವನು. 1974ರಲ್ಲಿ ಅವನನ್ನು ಕಿತ್ತುಹಾಕಿ ಮರುವರ್ಷ ಗುಂಡಿಟ್ಟು ಕೊಂದರು. ಸೇನಾಪ್ರಮುಖ ಪೆತ್ರಿತ್ ದುಮೆಗೂ ಅದೇ ಗತಿ. ಬುದ್ಧಿ ಹೇಳಬಲ್ಲವರನ್ನೇ ಮುಗಿಸಿದ ಮೇಲೆ ಕಾಂಕ್ರೀಟ್ ಸುರಿಯುವುದನ್ನು ನಿಲ್ಲಿಸುವವರು ಯಾರು? ಅದು ನಿಂತದ್ದು 1980ರ ದಶಕದಲ್ಲಿ.

ಪ್ರಶ್ನೆ: ಆ ಸೇನೆಯಲ್ಲಿ ಮೇಜರ್, ಕರ್ನಲ್‌ನಂಥ ದರ್ಜೆಗಳೇ ಇರಲಿಲ್ಲವೇ?

1966ರಿಂದ 1991ರವರೆಗೆ ಇರಲಿಲ್ಲ. ಚೀನಾದ ಮಾದರಿಯಲ್ಲಿ ಭುಜದ ಪಟ್ಟಿಗಳನ್ನು ತೆಗೆದುಹಾಕಿ, ಪಕ್ಷದ ಕಮಿಸಾರ್‌ಗಳನ್ನು, ಅಂದರೆ ಪಕ್ಷದ ಪರವಾಗಿ ಕಣ್ಣಿಡುವ ರಾಜಕೀಯ ಅಧಿಕಾರಿಗಳನ್ನು, ಕಮಾಂಡರುಗಳ ಪಕ್ಕ ಕೂರಿಸಿದರು. ಕೆಲಸದ ಹೆಸರಿನಿಂದ ಕರೆಯುತ್ತಿದ್ದರು: ಬೆಟಾಲಿಯನ್ ಕಮಾಂಡರ್, ಬ್ರಿಗೇಡ್ ಕಮಾಂಡರ್, ಹೀಗೆ.

ಪ್ರಶ್ನೆ: 1997ರಲ್ಲಿ ಸೇನೆಯ ಉಗ್ರಾಣಗಳನ್ನು ಜನರೇ ಲೂಟಿ ಮಾಡಿದರಂತೆ. 2008ರ ಗೆರ್ದೆಚ್ ಮದ್ದುಗುಂಡು ಸ್ಫೋಟಕ್ಕೂ ಅದಕ್ಕೂ ಸಂಬಂಧವಿದೆಯೇ?

ನೇರ ಸಂಬಂಧವಿಲ್ಲ, ಬೇರು ಒಂದೇ: ದೇಶಕ್ಕೆ ಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಮದ್ದುಗುಂಡು. ಪ್ರತಿಯೊಬ್ಬ ಪ್ರಜೆಯೂ ಸಿಪಾಯಿ ಎಂಬ ಲೆಕ್ಕದಲ್ಲಿ ಪೇರಿಸಿಟ್ಟದ್ದು. ಸೋವಿಯತ್, ಚೀನಾ ಕೊಟ್ಟದ್ದು ಸಾಲದೆಂದು ಗ್ರಾಮ್ಶ್‌ನಲ್ಲಿ ಕಲಾಶ್ನಿಕೊವ್, ಪೊಲಿಚಾನ್‌ನಲ್ಲಿ ತೋಟಾ, ಮ್ಯೆಕೆಸ್‌ನಲ್ಲಿ ಸ್ಫೋಟಕ ತಯಾರಿಸುವ ಸ್ವಂತ ಕಾರ್ಖಾನೆಗಳೂ ಇದ್ದವು.

1997ರ ಆರಂಭದಲ್ಲಿ ಬಡ್ಡಿ ಆಸೆ ತೋರಿಸಿದ ಪಿರಮಿಡ್ ಹಣಕಾಸು ಸಂಸ್ಥೆಗಳು ಕುಸಿದವು. ಜನ ಅವುಗಳಲ್ಲಿ ಕಟ್ಟಿದ್ದ ಮೊತ್ತ ದೇಶದ ವಾರ್ಷಿಕ ಉತ್ಪನ್ನದ ಅರ್ಧದಷ್ಟು. ದಕ್ಷಿಣದಲ್ಲಿ ದಂಗೆ ಎದ್ದಾಗ ಸೇನೆ ಹೋರಾಡಲಿಲ್ಲ, ಕರಗಿಹೋಯಿತು. ಬಲವಂತದ ಸೇವೆಯ ಹುಡುಗರು ಕಾವಲು ಬಿಟ್ಟು ಮನೆಗೆ ನಡೆದರು, ಬಾಗಿಲು ತೆರೆದಿತ್ತು. ಐದೂವರೆ ಲಕ್ಷದಷ್ಟು ಕೋವಿಗಳು ಜನರ ಕೈ ಸೇರಿದವು. ಸತ್ತವರು ಸುಮಾರು 2,000. ನೌಕಾಪಡೆಯ ದೋಣಿಗಳೂ ಕಳುವಾದವು. ಅಂಥ ಒಂದು ಹಳೆಯ ಗಸ್ತುದೋಣಿ, ಕಾತರ್ ಇ ರಾದೆಸ್, ಮಾರ್ಚ್ 28ರಂದು ವಲಸಿಗರನ್ನು ತುಂಬಿಕೊಂಡು ಹೋಗುತ್ತಾ ಇಟಲಿಯ ಯುದ್ಧನೌಕೆಗೆ ಡಿಕ್ಕಿಯಾಗಿ 80ಕ್ಕೂ ಹೆಚ್ಚು ಜನ ಮುಳುಗಿದರು. ಅದೇ ದಿನ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅನುಮತಿ ಕೊಟ್ಟಿತು, ಮುಂದಿನ ತಿಂಗಳು ಇಟಲಿ ಮುಂದಾಳತ್ವದ ಸುಮಾರು 7,000 ಜನರ ಆಲ್ಬಾ ಪಡೆ ಬಂತು.

ಕೋವಿ ವಾಪಸು ಪಡೆಯಲು ಹಣ ಕೊಡಲಿಲ್ಲ. ಹಣ ಕೊಟ್ಟರೆ ಹಳೆಯದನ್ನು ಕೊಟ್ಟು ಹೊಸದು ಕೊಳ್ಳುತ್ತಾರೆ. ಕೋವಿಗೊಂದು ಮಾರುಕಟ್ಟೆಯೇ ಹುಟ್ಟುತ್ತದೆ. ಬದಲಿಗೆ 1999ರಲ್ಲಿ ಗ್ರಾಮ್ಶ್ ಜಿಲ್ಲೆಯಲ್ಲಿ ವಿಶ್ವಸಂಸ್ಥೆಯವರು ಊರಿಗೆ ಊರೇ ಕೋವಿ ಒಪ್ಪಿಸಿದರೆ ರಸ್ತೆ, ಬೀದಿದೀಪ, ದೂರವಾಣಿ ಮಾಡಿಕೊಡುವ ಯೋಜನೆ ತಂದರು. ಸುಮಾರು 6,000 ಆಯುಧಗಳು ಬಂದವು. ದೇಶದ ಲೆಕ್ಕದಲ್ಲಿ ಇದು ಸಣ್ಣದು, ದಾರಿ ಮಾತ್ರ ಸರಿಯಾದದ್ದು.

ಇನ್ನು ಗೆರ್ದೆಚ್. ಇಲ್ಲಿ ಸ್ವಲ್ಪ ವಿವರ ಬೇಕು. ಹಳೆಯ ಶೆಲ್ಲುಗಳನ್ನು, ಅಂದರೆ ಫಿರಂಗಿಯ ಸಿಡಿಗುಂಡುಗಳನ್ನು, ನಾಶ ಮಾಡುವ ಕ್ರಮ ಹೀಗೆ: ಮೊದಲು ಅಳತೆ, ತಯಾರಿಕೆಯ ತಂಡ ನೋಡಿ ವಿಂಗಡಿಸಬೇಕು. ಶೆಲ್ಲನ್ನು ಸಿಡಿಸುವ ಭಾಗವಾದ ಫ್ಯೂಸ್ ಬಿಚ್ಚಿ ಬೇರೆ ಕೋಣೆಗೆ ಕಳಿಸಬೇಕು. ಮುಂಭಾಗದ ಗುಂಡನ್ನು ಹಿತ್ತಾಳೆ ಕೋಶದಿಂದ ಯಂತ್ರದಲ್ಲಿ ಎಳೆದು ತೆಗೆಯಬೇಕು. ಕೋಶದೊಳಗಿನ ಮದ್ದನ್ನು, ಅಂದರೆ ಗುಂಡನ್ನು ಹೊರಕ್ಕೆ ತಳ್ಳುವ ಪುಡಿಯನ್ನು, ಸುರಿದು ಸ್ವಲ್ಪ ಸ್ವಲ್ಪವೇ ದೂರ ಸಾಗಿಸಿ ತೆಳುವಾಗಿ ಹರಡಿ ಸುಡಬೇಕು. ಹಿತ್ತಾಳೆ ಗುಜರಿಗೆ ಹೋಗುತ್ತದೆ, ದುಡ್ಡು ಇರುವುದು ಅಲ್ಲೇ. ಅಪಾಯವೂ ಅಲ್ಲಿಂದಲೇ ಶುರು: ಹಿತ್ತಾಳೆ ಬೇಗ ಬೇಕು, ಮದ್ದು ಯಾರಿಗೂ ಬೇಡ. ಹೀಗಾಗಿ ಮದ್ದು ರಾಶಿ ಬೀಳುತ್ತದೆ.

ರಾಶಿ ಏಕೆ ಅಪಾಯ? ಈ ಮದ್ದಿನ ಮುಖ್ಯ ವಸ್ತು ನೈಟ್ರೊಸೆಲ್ಯುಲೋಸ್. ಅದು ಸುಮ್ಮನಿದ್ದರೂ ನಿಧಾನವಾಗಿ ಒಡೆಯುತ್ತಾ ಆಮ್ಲದ ಅನಿಲ ಬಿಡುತ್ತದೆ. ಆ ಅನಿಲವೇ ಒಡೆಯುವಿಕೆಯನ್ನು ಚುರುಕುಗೊಳಿಸುತ್ತದೆ. ಅದನ್ನು ಹೀರಲು ಡೈಫಿನೈಲಮೀನ್‌ನಂಥ ಸ್ಥಿರಕಾರಿ ಬೆರೆಸಿರುತ್ತಾರೆ. ವರ್ಷ ಉರುಳಿದಂತೆ ಸ್ಥಿರಕಾರಿ ಸವೆಯುತ್ತದೆ. ಅದರ ಪ್ರಮಾಣ ಶೇ. 0.2ಕ್ಕಿಂತ ಇಳಿದರೆ ಆ ಸರಕನ್ನು ತಡಮಾಡದೆ ನಾಶ ಮಾಡಬೇಕೆಂಬುದು ರೂಢಿಯ ನಿಯಮ. ತೆಳುವಾಗಿ ಹರಡಿದರೆ ಶಾಖ ಹೊರಹೋಗುತ್ತದೆ. ರಾಶಿಯ ನಡುವೆ ಸಿಕ್ಕಿಕೊಂಡ ಶಾಖಕ್ಕೆ ದಾರಿಯಿಲ್ಲ. ಆಮೇಲೆ ಕಿಡಿಯೇ ಬೇಕೆಂದಿಲ್ಲ, ಕಿಡಿ ಬಿದ್ದರಂತೂ ಹೇಳುವುದೇ ಬೇಡ.

2008ರ ಮಾರ್ಚ್ 15ರಂದು ಟಿರಾನಾ ಹತ್ತಿರದ ಗೆರ್ದೆಚ್‌ನಲ್ಲಿ ಆದದ್ದು ಅದು. ಮೊದಲು ಬೆಂಕಿ, ಕೆಲವೇ ನಿಮಿಷದಲ್ಲಿ ಪಕ್ಕದಲ್ಲೇ ಪೇರಿಸಿದ್ದ ಶೆಲ್ಲುಗಳ ಮಹಾಸ್ಫೋಟ. 26 ಜನ ಸತ್ತರು, ಸುಮಾರು 300 ಮಂದಿಗೆ ಗಾಯ, ನೂರಾರು ಮನೆ ನೆಲಸಮ. ದುಡಿಯುತ್ತಿದ್ದವರು ಸುತ್ತಲಿನ ಹಳ್ಳಿಯವರು, ತರಬೇತಿ ಇಲ್ಲದ ಹೆಂಗಸರೂ ಅವರಲ್ಲಿದ್ದರು. ಬಿಚ್ಚುವ ಜಾಗ, ರಾಶಿಯ ಜಾಗ, ದಾಸ್ತಾನಿನ ಜಾಗ, ಮನೆಗಳು: ಇವುಗಳ ನಡುವೆ ಇರಬೇಕಾದ ದೂರವೇ ಇರಲಿಲ್ಲ. ಕೆಲಸವನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟಿದ್ದರು. ರಕ್ಷಣಾ ಮಂತ್ರಿ ಫಾತ್ಮಿರ್ ಮೆದಿಯು ರಾಜೀನಾಮೆ ಕೊಟ್ಟ. ಆಮೇಲೆ ಉಳಿದ ಹತ್ತಾರು ಸಾವಿರ ಟನ್ನನ್ನು ಸರ್ಕಾರಿ ಕಾರ್ಖಾನೆಗಳಲ್ಲೂ ಸೇನೆಯ ಬಯಲುಗಳಲ್ಲೂ ವರ್ಷಗಟ್ಟಲೆ ಕೂತು ಮುಗಿಸಬೇಕಾಯಿತು.

ಪ್ರಶ್ನೆ: ರಾಸಾಯನಿಕ ಅಸ್ತ್ರಗಳನ್ನು ಪೂರ್ತಿ ನಾಶ ಮಾಡಿದ ಮೊದಲ ದೇಶ ಅಲ್ಬೇನಿಯಾ ಎಂಬುದು ಸರಿಯೇ?

ಸರಿ. 1970ರ ದಶಕದಲ್ಲಿ ಚೀನಾದಿಂದ ತಂದಿದ್ದ ಸುಮಾರು 16 ಟನ್, ಹೆಚ್ಚಿನದು ಮಸ್ಟರ್ಡ್ ಎಂಬ ಚರ್ಮ ಸುಡುವ ವಿಷ, ಬೆಟ್ಟದ ಬಂಕರ್‌ಗಳಲ್ಲಿ ಉಳಿದಿತ್ತು. ಅಮೆರಿಕದ ಹಣದಿಂದ ಕುಲುಮೆ ತಂದು 2007ರ ಜುಲೈನಲ್ಲಿ ಸುಟ್ಟು ಮುಗಿಸಿದರು. ನೆಲಬಾಂಬುಗಳ ದಾಸ್ತಾನು, 16 ಲಕ್ಷಕ್ಕೂ ಹೆಚ್ಚು, 2002ರಲ್ಲೇ ಮುಗಿದಿತ್ತು. ಆಯುಧ ಕೂಡಿಡುವುದರಲ್ಲಿ ಕುಖ್ಯಾತವಾದ ದೇಶ ಆಯುಧ ಕರಗಿಸುವುದರಲ್ಲಿ ಮುಂದೆ ನಿಂತಿತು ಎಂಬುದನ್ನು ಪತ್ರಿಕೆಗಳು ಅಷ್ಟಾಗಿ ಬರೆಯಲಿಲ್ಲ.

ಪ್ರಶ್ನೆ: ಯುದ್ಧವಿಮಾನವೇ ಇಲ್ಲದ ಸೇನೆಯಿಂದ ನ್ಯಾಟೋಗೆ ಏನು ಲಾಭ?

ಜಾಗ, ಮತ್ತು ಸಣ್ಣಸಣ್ಣ ತಂಡಗಳು. 2009ರ ಏಪ್ರಿಲ್ 1ರಂದು ಕ್ರೊಯೇಷಿಯಾ ಜೊತೆಗೆ ಅಲ್ಬೇನಿಯಾ ಸದಸ್ಯನಾಯಿತು. ಅಂದಿನಿಂದ ಅದರ ಆಕಾಶ ಕಾಯುವುದು ಇಟಲಿ ಮತ್ತು ಗ್ರೀಸ್‌ನ ವಿಮಾನಗಳು. ಬಲವಂತದ ಸೇವೆಯನ್ನು 2010ರಲ್ಲಿ ಕೈಬಿಟ್ಟು, ಕೆಲವೇ ಸಾವಿರ ಸಂಬಳದ ಸೈನಿಕರ ಭೂ, ನೌಕಾ, ವಾಯುಪಡೆಗಳನ್ನಷ್ಟೇ ಉಳಿಸಿಕೊಂಡರು. ಇರಾಕ್‌ನ ಮೊಸೂಲ್, ಅಫ್ಘಾನಿಸ್ತಾನ, ಬೋಸ್ನಿಯಾ, ಲಾಟ್ವಿಯಾ ಎಲ್ಲ ಕಡೆ ಅದರ ತುಕಡಿಗಳು ಹೋಗಿವೆ. ಸಿಡಿಯದ ಬಾಂಬು ತೆಗೆಯುವ ಅದರ ತಂಡಗಳ ಅನುಭವ ಎಲ್ಲಿಂದ ಬಂತೆಂದು ಮೇಲಿನ ಉತ್ತರ ಓದಿದವರಿಗೆ ಹೇಳಬೇಕಿಲ್ಲ. 1950ರ ದಶಕದ ಕುಚೋವಾ ವಿಮಾನನೆಲೆಯನ್ನು ನ್ಯಾಟೋ ತನ್ನ ಹಣ ಹಾಕಿ ಹೊಸದು ಮಾಡಿ 2024ರ ಮಾರ್ಚ್ 4ರಂದು ತೆರೆಯಿತು. ಸೋವಿಯತ್ ವಿಮಾನಗಳಿಗೆಂದು ಕಟ್ಟಿದ, ಒಂದು ಕಾಲಕ್ಕೆ ಸ್ಟಾಲಿನ್ ಹೆಸರನ್ನೇ ಹೊತ್ತಿದ್ದ ಊರಿನ ನೆಲೆ ಅದು. ಸ್ವಂತಕ್ಕೆ ಅಲ್ಬೇನಿಯಾ ಕೊಂಡಿರುವುದು ತುರ್ಕಿಯ ಬೈರಕ್ತಾರ್ ಡ್ರೋನ್. ನೌಕಾಪಡೆಯ ಇಲಿರಿಯಾ ವರ್ಗದ ಗಸ್ತುಹಡಗುಗಳು ಡಚ್ ವಿನ್ಯಾಸದವು. ಮೊದಲನೆಯದು ನೆದರ್ಲೆಂಡ್ಸ್‌ನಲ್ಲಿ, ಉಳಿದವು ಪಾಶಾ ಲಿಮಾನ್‌ನಲ್ಲೇ ಆದವು.

ದೇಶದೊಳಗಿನ ಕೆಲಸ ಇನ್ನೂ ಹೆಚ್ಚು: ನೆರೆ, ಹಿಮ, ಕಾಡ್ಗಿಚ್ಚು. 2019ರ ನವೆಂಬರ್ 26ರ ಭೂಕಂಪದಲ್ಲಿ 51 ಜನ ಸತ್ತಾಗ ದುರ್ರೆಸ್, ಥುಮಾನಾದಲ್ಲಿ ಅವಶೇಷ ಅಗೆದವರಲ್ಲಿ ಸೈನಿಕರೂ ಇದ್ದರು.

ಪ್ರಶ್ನೆ: ಕೊಸೊವೊ ಸೇನೆಯೂ ಇದೇ ಅಲ್ಲವೇ?

ಅಲ್ಲ. ಕೊಸೊವೊ ಭದ್ರತಾ ಪಡೆ 2009ರಲ್ಲಿ ಬೇರೆಯೇ ಆಗಿ ಹುಟ್ಟಿತು. ಅದನ್ನು ಸೇನೆಯಾಗಿ ಬೆಳೆಸುವ ಕಾನೂನುಗಳನ್ನು ಅಲ್ಲಿನ ಶಾಸನಸಭೆ 2018ರ ಡಿಸೆಂಬರ್‌ನಲ್ಲಿ ಮಾಡಿತು. ಭಾಷೆ ಒಂದೇ, ಆಜ್ಞೆ ಬೇರೆ. ಅಲ್ಬೇನಿಯಾದ ಸೈನಿಕರು ಅಲ್ಲಿ ಇರುವುದು ನ್ಯಾಟೋದ ಶಾಂತಿಪಾಲನಾ ಪಡೆ ಕೆಫಾರ್‌ನ ಭಾಗವಾಗಿ. 2025ರ ಮಾರ್ಚ್‌ನಲ್ಲಿ ಅಲ್ಬೇನಿಯಾ, ಕೊಸೊವೊ, ಕ್ರೊಯೇಷಿಯಾ ಟಿರಾನಾದಲ್ಲಿ ರಕ್ಷಣಾ ಸಹಕಾರದ ಘೋಷಣೆಗೆ ಸಹಿ ಹಾಕಿದವು. ಅದು ಸಹಕಾರ, ವಿಲೀನವಲ್ಲ.

ಪ್ರಶ್ನೆ: ಈ ಸೇನೆಗೆ ಆಜ್ಞೆ ಕೊಡುವವರು ಯಾರು, ಅಧ್ಯಕ್ಷರೋ ಪ್ರಧಾನಿಯೋ?

ಸಂವಿಧಾನದ ಪ್ರಕಾರ ಮಹಾದಂಡನಾಯಕರು ಅಧ್ಯಕ್ಷರು. ಆದರೆ ಶಾಂತಿಕಾಲದಲ್ಲಿ ಅವರು ಆ ಅಧಿಕಾರ ನಡೆಸುವುದು ಪ್ರಧಾನಿ ಮತ್ತು ರಕ್ಷಣಾ ಮಂತ್ರಿಯ ಮೂಲಕ. ಸೇನಾಪ್ರಮುಖರ ನೇಮಕವೂ ಪ್ರಧಾನಿಯ ಶಿಫಾರಸಿನ ಮೇಲೆ. ಸೇನೆ ರಾಜಕೀಯದಲ್ಲಿ ತಟಸ್ಥವಾಗಿರಬೇಕೆಂದು 12ನೇ ವಿಧಿ ಹೇಳುತ್ತದೆ. ಅದೇ ವಿಧಿಯಲ್ಲಿ ಇನ್ನೊಂದು ಕಟ್ಟು ಇದೆ: ಪರದೇಶದ ಸೇನೆ ಅಲ್ಬೇನಿಯಾದಲ್ಲಿ ನೆಲೆಸಬೇಕಾದರೆ ಅಥವಾ ಹಾದುಹೋಗಬೇಕಾದರೆ, ಅಲ್ಬೇನಿಯಾದ ಸೇನೆ ಹೊರದೇಶಕ್ಕೆ ಹೋಗಬೇಕಾದರೆ, ಶಾಸನಸಭೆಯ ಎಲ್ಲ ಸದಸ್ಯರ ಬಹುಮತದಿಂದ ಕಾನೂನು ಆಗಬೇಕು. ಹಾಜರಿದ್ದವರ ಬಹುಮತ ಸಾಲದು. 140 ಸದಸ್ಯರ ಸಭೆಯಲ್ಲಿ ಹಾಗೆಂದರೆ 71 ಕೈಗಳು.